ಗಣಿಕೆ ಸೊಪ್ಪು ವಿಷವಾದ ವಾರ

ಚಾಮರಾಜಪುರಂನ ಆ ಅಡ್ಡರಸ್ತೆಯಲ್ಲಿ ಮೂವತ್ತೊಂದು ಮನೆಗಳಿವೆ. ಅಷ್ಟೂ ಮನೆಗಳಿಗೆ ಸೇರಿ ಒಂದು ವಾಟ್ಸಾಪ್ ಗ್ರೂಪಿದೆ. ಆ ಗ್ರೂಪಿಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿಲ್ಲ. ಯಾವ ಅಕ್ಕಿ ಪ್ಲಾಸ್ಟಿಕ್ಕಿನದು, ಯಾವ ಅಮಾವಾಸ್ಯೆಗೆ ಭೂಮಿ ಅಲ್ಲಾಡುತ್ತದೆ, ಎಷ್ಟು ಲೋಟ ಬಿಸಿನೀರು ಕುಡಿದರೆ ಹಾರ್ಟ್ ಆಪರೇಶನ್ ತಪ್ಪುತ್ತದೆ, ಎಲ್ಲವೂ ಅಲ್ಲಿ ಬೆಳಗಿನ ಕಾಫಿಗೆ ಮುಂಚೆಯೇ ತೀರ್ಮಾನವಾಗಿಬಿಟ್ಟಿರುತ್ತದೆ. ಇಷ್ಟೆಲ್ಲ ತಿಳಿದ ಜನ, ತಮ್ಮ ತಾಯಂದಿರು ವಾರಕ್ಕೆರಡು ಸಲ ಬೇಯಿಸಿ ಬಡಿಸುತ್ತಿದ್ದ ಗಣಿಕೆ ಸೊಪ್ಪನ್ನು ಕಣ್ಣೆದುರು ಇಟ್ಟುಕೊಂಡು, ಇದೇನೆಂದು ಫೋನನ್ನು ಕೇಳಿದರು. ಫೋನು ವಿಷ ಅಂದಿತು. ಸರಿ, ವಿಷ.

ಆ ವಿಷವನ್ನು ಇಪ್ಪತ್ತೆರಡು ವರ್ಷದಿಂದ ಅದೇ ಬೀದಿಯಲ್ಲಿ ಮಾರಿಕೊಂಡು ಬಂದವಳು ಮಂಚಮ್ಮ.

ಅರವತ್ತು ದಾಟಿದ ಹೆಂಗಸು. ಆಳು ಕುಳ್ಳು, ಮಾತು ಖಾರ. ಮದುವೆಯಾಗಿ ಹೋದದ್ದು ಮಂಡಕಳ್ಳಿ ಕಡೆಯ ಹಳ್ಳಿಗೆ. ಗಂಡ ಮೂಗಯ್ಯ ತೀರಿಕೊಂಡ ಮೇಲೆ ಮಗ ನಾಗೇಂದ್ರನ ಜೊತೆ ಅಶೋಕಪುರಂನ ಎರಡು ಕೋಣೆಯ ಮನೆಗೆ ಬಂದು ಸೇರಿದಳು. ಮಗ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಬೌದ್ಧ ದೀಕ್ಷೆ ತೆಗೆದುಕೊಂಡು, ಮಗಳು ಹುಟ್ಟಿದಾಗ ಸಂಘಮಿತ್ರ ಎಂದು ಹೆಸರಿಟ್ಟ. ದೀಕ್ಷೆಯ ದಿನ ಅವನು ಅವ್ವನನ್ನು ಕೇಳಿಕೊಂಡದ್ದು ಒಂದೇ ಮಾತು: ಇನ್ನು ಮೇಲೆ ಯಾರ ಮನೆಯ ಮುಂದೆಯೂ ನಿಂತು, ಒಡೆಯರನ್ನು ಕರೆದಂತೆ 'ಬುದ್ಧಿ' ಅನ್ನಕೂಡದು. ಮಂಚಮ್ಮ ಅಂದಿನಿಂದ ಗಂಡಸರನ್ನೆಲ್ಲ 'ಸಾರ್' ಅನ್ನುತ್ತಾಳೆ, ಅದೂ ಸೊಪ್ಪು ಕೊಂಡವರನ್ನು ಮಾತ್ರ.

ಅವಳು ಮಾರುವುದು ಬೆರಕೆ ಸೊಪ್ಪು. ಯಾರೂ ಬಿತ್ತದೆ, ಹೊಲದ ಬದುಗಳಲ್ಲಿ ತಾನಾಗಿ ಹುಟ್ಟಿಕೊಳ್ಳುವ ಅಣ್ಣೆ, ಹೊನಗೊನೆ, ಕೀರೆ, ಗಣಿಕೆ ಇವನ್ನೆಲ್ಲ ಆಯ್ದು ಕಲಸಿ ಕಟ್ಟು ಕಟ್ಟುತ್ತಾಳೆ. ಗಣಿಕೆಯನ್ನು ಮಾತ್ರ ಬೇರೆಯಾಗಿಯೂ ಕಟ್ಟುವುದುಂಟು, ಬಾಯಿಹುಣ್ಣಿಗೆ ಅದರ ಸಾರೇ ಬೇಕು ಅನ್ನುವವರು ಇರುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಮಂಡಕಳ್ಳಿಗೆ ಹೋಗಿ, ಬಿಸಿಲೇರುವ ಮುಂಚೆ ಕಿತ್ತು, ಹತ್ತು ಗಂಟೆಗೆ ಚಾಮರಾಜಪುರಂಗೆ ಬಂದರೆ, ಹನ್ನೆರಡಕ್ಕೆ ಬುಟ್ಟಿ ಖಾಲಿ. ಬೀದಿಯಲ್ಲಿ ಅವಳಿಗೆ ಮಂಡಕಳ್ಳಿ ಮಂಚಮ್ಮ ಎಂದೇ ಹೆಸರು.

ಈ ವಿದ್ಯೆ ಕಲಿಸಿದವಳು ಅತ್ತೆ ಪುಟ್ಟಲಿಂಗಮ್ಮ. ಮದುವೆಯಾದ ಹೊಸತರಲ್ಲಿ ಸೊಸೆ ಒಂದು ದಿನ ಮಡಿಲು ತುಂಬ ಗಣಿಕೆ ಕಿತ್ತು ತಂದಳು. ಅತ್ತೆ ಅದನ್ನು ಜಗಲಿಯ ಮೇಲೆ ಹರಡಿ, ಅದರೊಳಗಿನ ಒಂದೇ ಒಂದು ಗಿಡ ಎತ್ತಿ ಅವಳ ಕೈಗೆ ಕೊಟ್ಟಳು.

"ಇಸುಕಿ ಮೂಸು."

ಹಿಸುಕಿದರೆ ಕೆಟ್ಟ ನಾತ. ಎಳೆಯ ಉಮ್ಮತ್ತಿ ಗಿಡ. ನೋಡಲು ಎರಡೂ ಅಣ್ಣತಮ್ಮಂದಿರ ಹಾಗಿದ್ದವು. ಒಂದನ್ನು ತಿಂದರೆ ಹೊಟ್ಟೆ ತುಂಬುತ್ತದೆ, ಇನ್ನೊಂದನ್ನು ತಿಂದರೆ ತಲೆ ಕೆಡುತ್ತದೆ.

"ಬರೀ ಕಣ್ಣು ನಂಬ್ಕೊಂಡು ಸೊಪ್ಪು ಕೀಳಬ್ಯಾಡ," ಅಂದಳು ಅತ್ತೆ.

ಇನ್ನೊಂದು ದಿನ ಹೊನಗೊನೆ ತಂದಿದ್ದಳು. ಒಂದೊಂದು ಎಲೆಯೂ ಕೊಬ್ಬಿ ಹೊಳೆಯುತ್ತಿತ್ತು. ಅತ್ತೆ ಮೆಚ್ಚುತ್ತಾಳೆ ಅಂದುಕೊಂಡರೆ ಅವಳು ಮುಟ್ಟಲೂ ಇಲ್ಲ.

"ಎಲ್ಲಿ ಕಿತ್ತೆ?"

"ಕೇರಿ ಮೋರಿ ತಾವ. ಎಷ್ಟು ಚೆನ್ನಾಗವೆ ನೋಡತ್ತೆ."

"ಇಷ್ಟು ಕೊಬ್ಬವೆ ಅಂದ್ರೆ, ಏನು ಕುಡ್ದು ಕೊಬ್ಬವೆ ಅಂತ ಕೇಳಬ್ಯಾಡ್ವೇನೆ? ತಗೊಂಡೋಗಿ ತಿಪ್ಪೆಗಾಕು."

ಮಂಚಮ್ಮ ಅಳುತ್ತಾ ತಿಪ್ಪೆಗೆ ಹಾಕಿ ಬಂದಳು. ಆದರೆ ಆ ಮಾತು ಮರೆಯಲಿಲ್ಲ. ಮುಂದೆ ಸೊಪ್ಪಿಗಷ್ಟೇ ಅಲ್ಲ, ಕಿವಿಗೆ ಬಿದ್ದ ಎಲ್ಲದಕ್ಕೂ ಅದೇ ಪರೀಕ್ಷೆ ಹಚ್ಚಿದಳು. ಮೊಮ್ಮಗಳು ಸಂಘಮಿತ್ರ ಫೋನಿನಲ್ಲಿ ಏನಾದರೂ ತೋರಿಸಲು ಬಂದರೆ, "ಯಾರು ಏಳಿದ್ದು? ಅವ್ರು ಕಣ್ಣಲ್ಲಿ ಕಂಡವ್ರಾ? ಎಲ್ಲಿ?" ಎಂದು ಕೇಳುವಳು. ಮೂರಕ್ಕೂ ಉತ್ತರ ಇಲ್ಲದಿದ್ದರೆ, "ಉಗಿ ಅತ್ಲಾಗೆ." ಫೋನು ನೋಡಿ ಬಾಯಿ ಬಿಡುವ ಜನವನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ತಾತ್ಸಾರ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ತೆಗೆದುಕೊಂಡ ಹುಡುಗಿ ಕಾಲೇಜಿನಲ್ಲಿ ಬುದ್ಧಿವಂತೆ ಅನಿಸಿಕೊಂಡದ್ದು ಅಜ್ಜಿಯ ಈ ಮೂರು ಪ್ರಶ್ನೆಯಿಂದ.

ಈಗ ವಿಶ್ವನಾಥ್ ಅವರ ವಿಷಯಕ್ಕೆ ಬರೋಣ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು, ಆ ಗ್ರೂಪಿನ ಅಡ್ಮಿನ್. ಕೆಲಸದಲ್ಲಿದ್ದಾಗ ಎರಡು ಗುರುತಿನ ಚೀಟಿ, ಒಬ್ಬ ಸಾಕ್ಷಿ ಇಲ್ಲದೆ ಯಾರಿಗೂ ಒಂದು ಪಾಸ್‌ಬುಕ್ ಕೊಟ್ಟವರಲ್ಲ. ಆ ಗುಣವನ್ನು ನಿವೃತ್ತಿಯ ದಿನ ಹಾರ, ಶಾಲಿನ ಬದಲಿಗೆ ಬ್ಯಾಂಕಿಗೇ ಒಪ್ಪಿಸಿ ಬಂದಿರಬೇಕು. ಒಂದು ಮಂಗಳವಾರ ಅವರ ಮನೆಯಲ್ಲಿ ಗಣಿಕೆ ಸೊಪ್ಪಿನ ಸಾರಾಯಿತು. ಸಂಜೆ ಅವರಿಗೆ ವಾಂತಿಯಾಯಿತು. ಹಿಂದಿನ ರಾತ್ರಿ ಯಾರದೋ ಆರತಕ್ಷತೆಗೆ ಹೋಗಿ ಮೂರು ಬಗೆಯ ಐಸ್‌ಕ್ರೀಮ್ ತಿಂದು ಬಂದದ್ದು ಅವರಿಗೆ ನೆನಪಾಗಲಿಲ್ಲ. ಫ್ರಿಜ್ಜಿನಲ್ಲಿ ಉಳಿದಿದ್ದ ಒಂದು ಎಲೆಯ ಫೋಟೋ ಹೊಡೆದು ಇಂಟರ್ನೆಟ್ಟಿಗೆ ಹಾಕಿದರು. ಅದು ಮೊದಲ ಸಾಲಿನಲ್ಲೇ ಇಂಗ್ಲಿಷಿನಲ್ಲಿ ವಿಷದ ಗಿಡ ಅಂದಿತು, ಪಕ್ಕದಲ್ಲಿ ತಲೆಬುರುಡೆಯ ಚಿತ್ರ ಬೇರೆ. ಎರಡನೆಯ ಸಾಲು ಓದುವ ತಾಳ್ಮೆ ಅವರಿಗಿರಲಿಲ್ಲ.

ಬುಧವಾರ ಬೆಳಿಗ್ಗೆ ಆರಕ್ಕೆ ಗ್ರೂಪಿನಲ್ಲಿ ಬಂತು: 'ಎಚ್ಚರ! ನಮ್ಮ ಬೀದಿಗೆ ಬರುವ ಸೊಪ್ಪಿನವಳು ಕೊಡುತ್ತಿರುವುದು ಮಾರಣಾಂತಿಕ ವಿಷ. ನಾನು ದೇವರ ದಯೆಯಿಂದ ಬದುಕಿದ್ದೇನೆ.' ಏಳು ಗಂಟೆಗೆ ಇನ್ನೊಬ್ಬರು, ಇದೇ ಸೊಪ್ಪು ತಿಂದು ಮೂವರು ಸತ್ತಿದ್ದಾರೆ ಎಂದರು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎಂಟು ಗಂಟೆಗೆ ಆ ಮೂವರು ನಂಜನಗೂಡಿನವರಾದರು. ಒಂಬತ್ತಕ್ಕೆ ಒಂದೇ ಮನೆಯವರೂ ಆದರು. ಹತ್ತಕ್ಕೆ ಮಂಚಮ್ಮ ಬುಟ್ಟಿ ಹೊತ್ತು ಬೀದಿಗೆ ಬಂದಾಗ ಮೂವತ್ತೊಂದು ಗೇಟುಗಳೂ ಮುಚ್ಚಿದ್ದವು.

ಏನಾಯಿತೆಂದು ಅವಳಿಗೆ ಹೇಳಿದವಳು ಸುಚಿತ್ರಾ. ಮೊದಲ ದಿನದಿಂದ ಸೊಪ್ಪು ಕೊಂಡವಳು, ಗೇಟಿನ ಒಳಗೆ ನಿಂತು ಹೊರಗಿನ ಮಂಚಮ್ಮನ ಜೊತೆ ಇಪ್ಪತ್ತೆರಡು ವರ್ಷ ಸುಖದುಃಖ ಮಾತಾಡಿದವಳು.

"ನೀನು ಒಳ್ಳೆಯವಳೇ ಮಂಚಮ್ಮ. ಆದ್ರೆ ಭಾನುಪ್ರಿಯಾ ಬಂದಿದಾಳೆ, ಏಳು ತಿಂಗಳ ಬಸುರಿ. ರಿಸ್ಕ್ ಬೇಡ."

"ಅಲ್ಲ ಸುಚಿತ್ರಮ್ಮ, ನಿಮ್ ಮಗಳು ಅನ್ನ ತಿನ್ನೋದು ಕಲಿತದ್ದೇ ನನ್ನ ಗಣಿಕೆ ಸಾರಲ್ಲಿ. ಆಗ ಸಾಯದೆ ಇದ್ದೋಳು ಈಗ ಸಾಯ್ತಾಳಾ?"

"ಗ್ರೂಪಲ್ಲಿ ಹಾಕಿದಾರೆ ಕಣಮ್ಮ," ಎಂದು ಸುಚಿತ್ರಾ ಒಳಗೆ ಹೋದಳು.

ಮಂಚಮ್ಮನಿಗೆ ಮೈಯೆಲ್ಲ ಉರಿಯಿತು. ಗುರುವಾರವೂ ಬಂದಳು, ಶುಕ್ರವಾರವೂ ಬಂದಳು. ಒಂದು ಕಟ್ಟೂ ಹೋಗಲಿಲ್ಲ. ಬೇರೆ ಬೀದಿಗೆ ಹೋಗಬಹುದಿತ್ತು. ಆದರೆ ವಿಷ ಮಾರುವವಳು ಅನ್ನಿಸಿಕೊಂಡು ಹೋಗುವುದು ಅವಳಿಂದ ಆಗದ ಮಾತು. ಈ ಬೀದಿಯಲ್ಲಿ ಹೋದ ಹೆಸರು ಈ ಬೀದಿಯಲ್ಲೇ ವಾಪಸು ಬರಬೇಕಿತ್ತು. ಮನೆಗೆ ಬಂದು ವಿಶ್ವನಾಥ್‌ರನ್ನೂ, ಅವರ ಫೋನನ್ನೂ, ಅವರ ಮೂರು ಐಸ್‌ಕ್ರೀಮನ್ನೂ ಸೇರಿಸಿ ಬೈದಳು. ಐಸ್‌ಕ್ರೀಮಿನ ಸುದ್ದಿ ಅವರ ಮನೆಗೆಲಸದವಳಿಂದ ಸಿಕ್ಕಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮಂಚಮ್ಮ ಆಡಿದ ಬೈಗುಳವೆಲ್ಲ ನ್ಯಾಯವೇ. ಗಣಿಕೆ ವಿಷವಲ್ಲ. ಆದರೆ ಮಂಡಕಳ್ಳಿಯ ಆ ಹೊಲಗಳು ಈಗ ಇಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಕೊನೆಯ ಬದುವಿಗೂ ಕಾಂಪೌಂಡು ಎದ್ದು, ಸೈಟುಗಳಿಗೆ ನಂಬರಿನ ಕಲ್ಲು ಬಿದ್ದವು. ಕಾವಲುಗಾರ ಅವಳನ್ನು ನಾಯಿ ಅಟ್ಟಿದಂತೆ ಅಟ್ಟಿದ. ಖಾಲಿ ಬುಟ್ಟಿ ಹೊತ್ತು ಬಸ್ಸು ಹತ್ತಿದವಳಿಗೆ ದಾರಿಯಲ್ಲಿ ದೊಡ್ಡ ಮೋರಿಯ ದಡ ಕಂಡಿತು. ಯಾವ ವರ್ಕ್‌ಶಾಪಿನದೋ ನೀರು ಒಂದು ದಿನ ನೀಲಿ, ಒಂದು ದಿನ ಕಂದು ಹರಿಯುವ ಮೋರಿ. ದಡದ ತುಂಬ ಗಣಿಕೆ, ಹೊನಗೊನೆ, ಎಲೆ ಎಲೆಯೂ ಕೊಬ್ಬಿ ಹೊಳೆಯುತ್ತಿತ್ತು. ಅವಳು ಇಳಿದಳು. ಮನೆಯ ನಲ್ಲಿಯಲ್ಲಿ ಮೂರು ಸಲ ತೊಳೆದಳು. ಬೀದಿಯಲ್ಲಿ ಯಾರೋ, "ಮಂಡಕಳ್ಳಿದೇ ತಾನೆ?" ಅಂದರು. "ಊಂ" ಅಂದಳು. ಅಂದಿನಿಂದ ಅದೇ 'ಊಂ' ನಡೆದಿದೆ. ಪುಟ್ಟಲಿಂಗಮ್ಮ ಬದುಕಿದ್ದರೆ ಅವಳನ್ನೂ ಬುಟ್ಟಿಯನ್ನೂ ಸೇರಿಸಿ ತಿಪ್ಪೆಗೆ ಹಾಕುತ್ತಿದ್ದಳು. ಇದು ಮಂಚಮ್ಮನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ವಾರ ಬೇರೆಯವರನ್ನು ಅಷ್ಟು ಜೋರಾಗಿ ಬೈದಳು.

ಶನಿವಾರ ಸಂಘಮಿತ್ರ ಅಜ್ಜಿಯ ಪರವಾಗಿ ಟೊಂಕ ಕಟ್ಟಿ ನಿಂತಳು. ಆ ಬೀದಿಯಲ್ಲಿದ್ದ ಗೆಳತಿಯೊಬ್ಬಳಿಂದ ಗ್ರೂಪಿನ ಸಂದೇಶಗಳನ್ನು ತರಿಸಿಕೊಂಡು, ತಲೆಬುರುಡೆಯ ಚಿತ್ರವಿದ್ದ ಪುಟವನ್ನು ಪೂರ್ತಿ ಓದಿದಳು. ಅಲ್ಲಿ ಹೇಳಿದ್ದು ಗಣಿಕೆಯ ದೂರದ ದಾಯಾದಿಯನ್ನು, ಬೇರೆ ಖಂಡದ ಗಿಡ, ಅದರ ಹಣ್ಣೇ ಬೇರೆ. ಸತ್ತ ಮೂವರನ್ನು ಹುಡುಕಿದಳು; ಎರಡು ವರ್ಷದ ಹಿಂದೆ, ಬೇರೆ ರಾಜ್ಯದಲ್ಲಿ, ಕಾಡಿನ ಅಣಬೆ ತಿಂದು ಸತ್ತವರು. ಮನೆಯಲ್ಲಿ ಉಳಿದಿದ್ದ ಒಂದು ಕಟ್ಟನ್ನು ಕಾಲೇಜಿಗೆ ಒಯ್ದು ಮೇಷ್ಟರಿಗೆ ತೋರಿಸಿದಳು. ಅವರು ಎಲೆ, ಹೂವು, ಕಾಯಿ ಬಿಡಿಸಿ ನೋಡಿ, ಗಣಿಕೆಯೇ, ಬೇಯಿಸಿ ತಿನ್ನುವ ಸೊಪ್ಪೇ, ಹಸಿರು ಕಾಯಿ ಮಾತ್ರ ಕಿತ್ತು ಬಿಸಾಡಬೇಕು ಎಂದು ಕಾಗದದಲ್ಲಿ ಬರೆದು ಸಹಿ ಹಾಕಿದರು. ಅವಳು ಹೊರಡುವಾಗ, "ಎಲ್ಲಿಂದ ಕಿತ್ತದ್ದಮ್ಮ? ಇಷ್ಟು ಕಡುಹಸಿರಾಗಿದೆ?" ಎಂದೂ ಕೇಳಿದರು. "ಮಂಡಕಳ್ಳಿ ಹೊಲದ್ದು ಸಾರ್," ಅಂದಳು ಹುಡುಗಿ. ಲೋಕದ ಎಲ್ಲ ಸುದ್ದಿಯನ್ನೂ ಹಿಸುಕಿ ಮೂಸಿದವಳು ಅಜ್ಜಿಯ ಮಾತನ್ನು ಮೂಸಿ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ವಿಶ್ವನಾಥ್ ಮನೆಯ ಮುಂದೆ ನಿಂತರು. ಮಂಚಮ್ಮ ಬುಟ್ಟಿಯನ್ನೂ ತಂದಿದ್ದಳು, ತುಂಬಿದ ಬುಟ್ಟಿ. ಹೆಸರು ಬರುವ ದಿನ ಖಾಲಿ ಬುಟ್ಟಿ ಹೊತ್ತು ಬರಲು ಮನಸ್ಸು ಒಪ್ಪಿರಲಿಲ್ಲ. ಗದ್ದಲ ಕೇಳಿ ಏಳೆಂಟು ಮನೆಯವರು ಹೊರಗೆ ಬಂದರು. ಸಂಘಮಿತ್ರ ಗೇಟಿನಾಚೆಯಿಂದಲೇ ಪಾಠ ಶುರುಮಾಡಿದಳು. ವಿಶ್ವನಾಥ್ ಮೊದಲು ನಕ್ಕರು, ಆಮೇಲೆ ಕನ್ನಡಕ ಹಾಕಿಕೊಂಡರು. ಮೇಷ್ಟರ ಸಹಿ ಕಂಡೊಡನೆ ಅವರ ಹಳೆಯ ಬ್ಯಾಂಕು ಮೈಮೇಲೆ ಬಂತು.

"ಓಹೋ, ಡಾಕ್ಟರೇಟ್ ಮಾಡಿದವರು. ಹಾಗಾದ್ರೆ ಸರಿ ಬಿಡಮ್ಮ," ಎಂದು ಅಲ್ಲೇ ನಿಂತು ಫೋನು ಒತ್ತತೊಡಗಿದರು. ಬರೆದದ್ದನ್ನು ಓದಿಯೂ ಹೇಳಿದರು: "ನಮ್ಮ ಮಂಚಮ್ಮನ ಸೊಪ್ಪು ನೂರಕ್ಕೆ ನೂರು ಸುರಕ್ಷಿತ. ಮಂಡಕಳ್ಳಿ ಹೊಲದ ಶುದ್ಧ ಸಾವಯವ ಸೊಪ್ಪು. ನಾನೇ ಖುದ್ದಾಗಿ ಪರಿಶೀಲಿಸಿದ್ದೇನೆ."

ಪರಿಶೀಲಿಸಿದ್ದು ಏನನ್ನು? ಅವರು ಬುಟ್ಟಿಯ ಕಡೆ ಕಣ್ಣೂ ಹಾಯಿಸಿರಲಿಲ್ಲ. ವಿಷ ಅನ್ನುವಾಗ ಯಾರನ್ನೂ ಕೇಳದವರು ಅಮೃತ ಅನ್ನುವಾಗಲೂ ಕೇಳಲಿಲ್ಲ. ಕೂಡಿದ್ದವರ ಕೈಯಲ್ಲೆಲ್ಲ ಫೋನುಗಳು ಟಿಣ್ ಎಂದವು. ಮುಖಗಳು ಒಮ್ಮೆಗೇ ಅರಳಿದವು. ಬುಧವಾರದಿಂದ ಅವಳನ್ನು ಕಂಡರೆ ಗೇಟು ಎಳೆದುಕೊಂಡಿದ್ದ ಅದೇ ಕೈಗಳು ಬುಟ್ಟಿಗೆ ಬಂದವು. ಎಲ್ಲರಿಗಿಂತ ಮೊದಲು ಸುಚಿತ್ರಾ.

"ಭಾನು ಬಾಯಿ ತುಂಬ ಹುಣ್ಣು ಕಣೆ ಮಂಚಮ್ಮ. ನಾಲ್ಕು ದಿನದಿಂದ ಅನ್ನ ಸೇರ್ತಿಲ್ಲ. ಎರಡು ಕಟ್ಟು ತಗೊಂಡೆ," ಎಂದವಳೇ ಮೂರು ಮನೆಯಾಚೆಯ ತನ್ನ ಮನೆಗೆ ಹೊರಟಳು.

 ಆ ಕ್ಷಣ ಮಂಚಮ್ಮನಿಗೆ ಎಷ್ಟು ಹಿತವಾಗಿತ್ತೆಂದರೆ, ಬಾಯಿ ತೆರೆದರೆ ಅದು ಚೆಲ್ಲಿಹೋದೀತು ಅನಿಸಿತು. ಹೆಸರು ವಾಪಸು ಬಂದಿತ್ತು, ಅದೂ ಇಡೀ ಬೀದಿಯ ಎದುರಿಗೆ. ಉಳಿದವರು ಕಟ್ಟು ಆರಿಸುತ್ತ, ಚೌಕಾಸಿ ಮಾಡುತ್ತ ಅರ್ಧ ಗಂಟೆ ಅಲ್ಲೇ ನಿಂತರು. ಸಂಘಮಿತ್ರ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದಳು: "ನಮ್ಮಜ್ಜಿ ಎಲ್ಲಿ ಬೆಳೆದದ್ದು ಅಂತ ನೋಡ್ದೆ ಒಂದೆಲೆ ಮುಟ್ಟಲ್ಲ ಆಂಟಿ. ನನಗೆ ಕಲಿಸಿದ್ದೇ ಅದು."

ಆ ಮಾತು ಕಪಾಳಕ್ಕೆ ಹೊಡೆದಂತಾಯಿತು. ಮಂಚಮ್ಮ ಬುಟ್ಟಿಗೆ ಬಂದಿದ್ದ ಕೈಗಳನ್ನು ತಳ್ಳಿದಳು.

"ಮುಟ್ಟಬ್ಯಾಡಿ. ಮಂಡಕಳ್ಳಿದಲ್ಲ ಇದು. ಮೋರಿ ದಡದ್ದು."

ಯಾರಿಗೂ ಅರ್ಥವಾಗಲಿಲ್ಲ. ಸಂಘಮಿತ್ರ, "ಯಾವತ್ತಿನಿಂದ ಅಜ್ಜಿ?" ಅಂದಳು, ಸಣ್ಣ ದನಿಯಲ್ಲಿ.

"ದೀಪಾವಳಿಯಿಂದ್ಲೂವೆ ಕಣವ್ವ. ಒಲಕ್ಕೆಲ್ಲ ಕಾಂಪೌಂಡು ಆಕ್ಬುಟ್ರು. ಎಲೆ ಗಣಿಕೇದೆ, ನಿಮ್ ಮೇಷ್ಟ್ರು ಸುಳ್ಳೇಳಿಲ್ಲ. ಅದು ಕುಡ್ದಿರೋ ನೀರು ಕೆಟ್ಟದ್ದು." ಆಮೇಲೆ ವಿಶ್ವನಾಥ್ ಕಡೆ ತಿರುಗಿ, "ಸಾರ್, ಅದನ್ನ ಅಳಿಸಿ. ಬ್ಯಾರೆ ಬರೀರಿ," ಅಂದಳು.

ವಿಶ್ವನಾಥ್ ಮುಖ ಗಂಟಾಯಿತು. "ಏನಮ್ಮ ತಮಾಷೆ? ಬುಧವಾರ ಒಂದು ಹಾಕಿದೆ, ಇವತ್ತೊಂದು ಹಾಕಿದೆ. ಈಗ ಮತ್ತೆ ಬದಲಾಯಿಸಿದ್ರೆ ಜನ ನನ್ನನ್ನ ಏನಂದ್ಕೋತಾರೆ? ಚೆನ್ನಾಗಿ ತೊಳೆದು ತಿಂತಾರೆ ಬಿಡು." ಹೀಗೆಂದು ಫೋನನ್ನು ಜೇಬಿಗೆ ಹಾಕಿಕೊಂಡರು.

ಬುಟ್ಟಿಯನ್ನು ಅಲ್ಲೇ ಬಿಟ್ಟು ಮಂಚಮ್ಮ ಸುಚಿತ್ರಾಳ ಮನೆಗೆ ಓಡಿದಳು. ಮೊಣಕಾಲು ನೋವಿನ ಹೆಂಗಸು, ಓಟ ಅನ್ನುವುದಕ್ಕಿಂತ ಕುಂಟು. ಗೇಟಿನ ಹೊರಗೆ ನಿಂತು ಕೂಗಿದಳು. ಅಡುಗೆಮನೆಯ ಕಿಟಕಿಯಲ್ಲಿ ಸುಚಿತ್ರಾ ಇಣುಕಿದಳು. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಸುಚಿತ್ರಮ್ಮ, ಸಾರು ಇಳುಸ್ಬುಡಿ. ಆ ಸೊಪ್ಪು ಮೋರಿದು. ಮಗೀಗೆ ಕೊಡಬ್ಯಾಡಿ."

"ಏ, ಸುಮ್ನಿರೆ. ಮಂಡಕಳ್ಳಿದು ಅಂತ ಈಗ ತಾನೆ ಗ್ರೂಪಲ್ಲಿ ಹಾಕಿದಾರೆ."

"ಕಿತ್ತೋಳು ನಾನು ಕಣ್ರವ್ವ! ನಾನೇ ಏಳ್ತಾ ಇವ್ನಿ!"

"ವಿಶ್ವನಾಥ್ ಸರ್ ಖುದ್ದಾಗಿ ಪರಿಶೀಲಿಸಿದಾರಂತೆ. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದು ಸುಚಿತ್ರಾ ಕಿಟಕಿಯಿಂದ ಸರಿದಳು. "ಭಾನೂ, ತಟ್ಟೆ ಹಾಕ್ಕೊ" ಅನ್ನುವುದು ಕೇಳಿಸಿತು.

ಇಪ್ಪತ್ತೆರಡು ವರ್ಷದಲ್ಲಿ ಮಂಚಮ್ಮ ಆ ಗೇಟು ದಾಟಿರಲಿಲ್ಲ. ಬಾ ಎಂದು ಯಾರೂ ಕರೆದಿರಲಿಲ್ಲ, ಅವಳಾಗಿ ಕಾಲಿಟ್ಟಿರಲಿಲ್ಲ. ಅವತ್ತು ಚಿಲಕ ತೆಗೆದು, ಹಜಾರ ದಾಟಿ, ಕೆಸರುಗಾಲಲ್ಲೇ ಅಡುಗೆಮನೆಗೆ ನುಗ್ಗಿದಳು. ಭಾನುಪ್ರಿಯಾಳ ತಟ್ಟೆಯಲ್ಲಿ ಅನ್ನ ಬಿದ್ದಿತ್ತು, ಸಾರಿನ ಸೌಟು ಇನ್ನೂ ಸುಚಿತ್ರಾಳ ಕೈಯಲ್ಲಿತ್ತು. ಮಂಚಮ್ಮ ಸೆರಗಿನಲ್ಲಿ ಹಿಡಿದು ಪಾತ್ರೆಯನ್ನೇ ಎತ್ತಿ ಸಿಂಕಿಗೆ ಸುರಿದಳು. ಬಿಸಿ ಸಾರು ಅವಳ ಅಂಗೈ ಮೇಲೂ ಬಿತ್ತು. ಸುಚಿತ್ರಾ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು.

ಮನೆಗೆ ಬಂದ ಮೇಲೆ ಸಂಘಮಿತ್ರ ಅಜ್ಜಿಯ ಅಂಗೈಗೆ ಮುಲಾಮು ಹಚ್ಚಿದಳು. ತನ್ನ ಬಾಯಿಂದ ಮೇಷ್ಟರಿಗೆ ಸುಳ್ಳು ಹೇಳಿಸಿದ ಸಿಟ್ಟು ಅವಳ ಮುಖದಲ್ಲೇ ಇತ್ತು. ಆಮೇಲೆ ಫೋನು ತೆಗೆದು, ಆ ಬೀದಿಯ ಗೆಳತಿ ಕಳಿಸಿದ ಗ್ರೂಪಿನ ಹೊಸ ಸಂದೇಶವನ್ನು ಓದಿದಳು.

"'ಎಚ್ಚರ! ಸೊಪ್ಪಿನ ಮಂಚಮ್ಮ ಇಂದು ಸುಚಿತ್ರಾ ಅವರ ಮನೆಗೆ ನುಗ್ಗಿ ಅಡುಗೆ ಚೆಲ್ಲಿ ಹೋಗಿದ್ದಾಳೆ. ಯಾರೂ ಗೇಟು ತೆಗೆಯಬೇಡಿ.'"

"ಯಾರು ಬರೆದದ್ದು?" ಅಂದಳು ಮಂಚಮ್ಮ.

"ಸುಚಿತ್ರಾ ಆಂಟೀನೇ."

"ಕಣ್ಣಲ್ಲಿ ಕಂಡವ್ಳೆ. ಎಲ್ಲಿ ಅಂತಾನೂ ಬರ್ದವ್ಳೆ." ಮಂಚಮ್ಮ ಸುಟ್ಟ ಅಂಗೈಯನ್ನು ಊದಿಕೊಂಡಳು. "ಇದೊಂದು ನಿಜ ಕಣವ್ವ. ಉಗೀಬ್ಯಾಡ, ಮಡಿಕ್ಕೊ."